ಹಸಿ ಮೈಗೆ ನೀರು

ಟೈಲರಮ್ಮನ ಸೊಸೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಬಂದ ದಿನ ಮನೆಯಲ್ಲಿ ಯಾರಿಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗ ನೆಲ ಒರೆಸಿ, ಕಿಟಕಿಗೆ ಹೊಸ ಪರದೆ ಕಟ್ಟಿ, ಅಷ್ಟು ಸಾಲದೆಂದು ಓಣಿಯ ನಾಯಿಯನ್ನೂ ‘ಬೊಗಳಿದರೆ ಜೋಕೆ’ ಎಂದು ಗದರಿಸಿ ಬಂದಿದ್ದ. ನೋಡಲು ಬಂದವರು ಮೂಗು ಯಾರದು, ಗಲ್ಲ ಯಾರದು ಎಂದು ಮಗುವನ್ನು ಹಂಚಿಕೊಂಡು ಹೋದರು. ಅವರೆಲ್ಲ ಹೊರಟ ಮೇಲೆ ಅಜ್ಜಿ ಒಳಕೋಣೆಗೆ ಬಂದಳು. ಮಂಚದ ಪಕ್ಕದಲ್ಲಿದ್ದ ನೀರಿನ ಹೂಜಿಯನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿಟ್ಟಳು.

“ಹಸಿ ಮೈ,” ಅಂದಳು. “ನೀರು ಕುಡಿದರೆ ಮೈಗೆ ನೀರು ಏರುತ್ತೆ. ಹೊಟ್ಟೆ ಇಳಿಯಲ್ಲ, ಮಗುಗೆ ಶೀತ. ಬೆಳಿಗ್ಗೆ ಒಂದು ಗುಟುಕು, ಸಂಜೆ ಒಂದು ಗುಟುಕು. ಅದೂ ಕಾಯಿಸಿದ್ದು, ಅದೂ ನನ್ನ ಕೈಯಿಂದ.”

ಅಜ್ಜಿ ಎಂದರೆ ಟೈಲರಮ್ಮನ ಅತ್ತೆ. ಮನೆಯವರು ಬೆನ್ನ ಹಿಂದೆ ಆಕೆಯನ್ನು ‘ದೊಡ್ಡ ಕೋರ್ಟು’ ಎನ್ನುತ್ತಿದ್ದರು. ಅಲ್ಲಿ ತೀರ್ಪಾದ ಮೇಲೆ ಅಪೀಲು ಇರಲಿಲ್ಲ. ಹಾಗೆಂದು ಆಕೆ ಕೆಟ್ಟವಳಲ್ಲ. ಬಸುರಿಯ ಕಾಲು ಒತ್ತಿದವಳು, ಮಗುವಿಗೆ ಮೆತ್ತನೆಯ ಹಳೆ ಬಟ್ಟೆಗಳನ್ನು ಒಗೆದು ಮಡಿಸಿಟ್ಟವಳು ಆಕೆಯೇ. ಈ ನೀರಿನ ಮಾತನ್ನು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದವರೆಲ್ಲ ಹೀಗೆ ಒಳ್ಳೆಯವರೇ. ಕೆಟ್ಟವರು ಹೇಳಿದ್ದರೆ ಎಂದೋ ಯಾರಾದರೂ ಎದುರಾಡುತ್ತಿದ್ದರು.

ಟೈಲರಮ್ಮ ನಡುಮನೆಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಶಾಲೆ ಶುರುವಾಗುವ ಕಾಲ, ಸಮವಸ್ತ್ರದ ಅಂಗಿಗಳು ಗುಡ್ಡೆ ಬಿದ್ದಿದ್ದವು. ಅಂದು ಅವಳು ಒಂದು ಅಂಗಿಗೆ ಎರಡೂ ಎಡತೋಳನ್ನೇ ಹೊಲಿದಳು, ಬಿಚ್ಚಿದಳು, ಮತ್ತೆ ಅದನ್ನೇ ಮಾಡಿದಳು. ಎದ್ದು ಅಡುಗೆಮನೆಗೆ ಹೋಗುವಳು, ಏನಕ್ಕೆ ಬಂದೆನೆಂದು ಮರೆತು ವಾಪಸು ಬರುವಳು. ಊಟಕ್ಕೆ ಕೂತಾಗಲೂ ಮೇಜಿನ ಕೆಳಗೆ ಅವಳ ಪಾದ ಇಲ್ಲದ ಪೆಡಲನ್ನು ತುಳಿಯುತ್ತಲೇ ಇತ್ತು. “ಅಮ್ಮನ ಕಾಲಿಗೆ ಮೋಟರು ಕೂರಿಸಿದಾರೆ,” ಎಂದು ಮಗ ನಕ್ಕ.

ಅವನಿಗೇನು ಗೊತ್ತು? ಅವನ ಅಕ್ಕ ಅದೇ ಕೋಣೆಯಲ್ಲಿ, ಅದೇ ಮಂಚದ ಮೇಲೆ ಬಾಣಂತಿಯಾಗಿ ಮಲಗಿದ್ದಾಗ ಅವನಿನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ.

ಮಗಳು ನೀರು ಕೇಳಿದ್ದಳು. ಮೊದಮೊದಲು ತಮಾಷೆಯಾಗಿ, ಆಮೇಲೆ ಸಿಟ್ಟಿನಿಂದ, ಕೊನೆಗೆ ಬರೀ ಕಣ್ಣಿನಿಂದ. “ಅಮ್ಮ, ನಾಲಿಗೆ ಅಂಟ್ಕೊಳ್ತಾ ಇದೆ. ಒಂದು ಲೋಟ ಕೊಡೇ.” ಟೈಲರಮ್ಮ ತಲೆ ಸವರಿ, “ಇನ್ನು ಸ್ವಲ್ಪ ದಿನ ತಡ್ಕೋ ಕಣೇ, ನಿನ್ನ ಒಳ್ಳೇದಕ್ಕೇ,” ಎಂದಿದ್ದಳು. ಒಂದು ಮಧ್ಯಾಹ್ನ ಅವಳು ಕೋಣೆಗೆ ಬಂದರೆ, ಮಗುವಿನ ಬಟ್ಟೆ ನೆನೆಸಿಟ್ಟ ಬಕೆಟ್ಟಿನ ನೀರಿಗೆ ಮಗಳು ಬೊಗಸೆ ಒಡ್ಡಿದ್ದಳು. ಟೈಲರಮ್ಮ ಆ ಕೈಯ ಮೇಲೆ ಹೊಡೆದಳು. ಪ್ರೀತಿಯಿಂದಲೇ ಹೊಡೆದಳು. ಅದೇ ಇಂದಿಗೂ ಅವಳನ್ನು ಸುಡುವುದು.

ಆಮೇಲೆ ಮಗಳಿಗೆ ತಲೆನೋವು ಬಂತು. ತಲೆಗೆ ಬಟ್ಟೆ ಬಿಗಿದರು. ವಾಂತಿಯಾಯಿತು, ಕಣ್ಣು ಮಂಜಾಯಿತು, ಮೈ ಸೆಟೆದುಕೊಂಡಿತು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಕೈಮೀರಿತ್ತು. ಡಾಕ್ಟರು ಟೈಲರಮ್ಮನೊಬ್ಬಳನ್ನೇ ಪಕ್ಕಕ್ಕೆ ಕರೆದು, “ನೀರು ಸರಿಯಾಗಿ ಕುಡಿಸ್ತಿದ್ರಾ?” ಎಂದು ಕೇಳಿದರು. ಅವಳು “ಹೂಂ” ಅಂದಳು. ಡಾಕ್ಟರು ಅವಳ ಮುಖವನ್ನೇ ನೋಡಿ ಮೆಲ್ಲಗೆ ಹೇಳಿದರು: ಮೈ ಒಣಗಿ ಹೋಗಿತ್ತು, ಹೆತ್ತ ಮೈಯ ರಕ್ತ ಮೊದಲೇ ಮಂದ, ನೀರಿಲ್ಲದೆ ಮಿದುಳಿನಲ್ಲಿ ಹೆಪ್ಪುಗಟ್ಟಿತು. ಮನೆಗೆ ಬಂದ ಟೈಲರಮ್ಮ, “ಆಯಸ್ಸು ಅಷ್ಟೇ ಇತ್ತಂತೆ,” ಎಂದಳು. ಎಲ್ಲರೂ ನಂಬಿದರು. ಅಳಿಯ ಕೂಸನ್ನು ಎತ್ತಿಕೊಂಡು ತನ್ನ ಊರಿಗೆ ಹೋದ.

ಈಗ ಅವಳು ತನಗೆ ತಾನೇ ಒಂದು ಮಾತು ಕೊಟ್ಟುಕೊಂಡಳು. ಸೊಸೆ ಕೇಳಲಿ, ಕೇಳಿದ ತಕ್ಷಣ ಕೊಡುತ್ತೇನೆ, ಕೋರ್ಟು ಏನಾದರೂ ಅನ್ನಲಿ.

ಆದರೆ ಸೊಸೆ ಕೇಳಲೇ ಇಲ್ಲ. ತಾಯಿಯಿಲ್ಲದೆ ಬೆಳೆದ ಹುಡುಗಿ, ಹಿರಿಯರು ಹಾಕಿದ ಗೆರೆ ದಾಟುವವಳಲ್ಲ. ತುಟಿ ಸಿಪ್ಪೆ ಏಳುತ್ತಿದ್ದರೂ ಒಣ ರೊಟ್ಟಿ ಅಗಿದು, “ನನಗೇನೂ ಕಷ್ಟ ಇಲ್ಲ ಅಜ್ಜಿ,” ಎನ್ನುತ್ತಿದ್ದಳು. ಅಜ್ಜಿ ನೆರೆಮನೆಯವರಿಗೆ, “ಬಾಣಂತಿ ಅಂದ್ರೆ ಹೀಗಿರಬೇಕು,” ಎಂದು ಹೊಗಳುತ್ತಿದ್ದಳು. ಟೈಲರಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಜ್ಜಿ ಸ್ನಾನಕ್ಕೆ ಹೋದದ್ದನ್ನು ನೋಡಿಕೊಂಡು ಲೋಟ ಸೆರಗಿನಲ್ಲಿ ಮುಚ್ಚಿ ಒಳಗೆ ತಂದಳು.

“ಬೇಡಮ್ಮ,” ಅಂದಳು ಸೊಸೆ. “ಪಾಪುಗೆ ಶೀತ ಆದ್ರೆ ನನ್ನನ್ನೇ ಅಂತಾರೆ.”

“ಏನೂ ಆಗಲ್ಲ. ಕುಡಿ.”

“ಆಗಲ್ಲ ಅಂತ ನಿಮಗೆ ಹೇಗೆ ಗೊತ್ತು?”

ಹೇಗೆ ಗೊತ್ತು ಎಂದು ಹೇಳಲು ಟೈಲರಮ್ಮನಿಗೆ ಬಾಯಿ ಬರಲಿಲ್ಲ. ಲೋಟವನ್ನು ಮುಚ್ಚಿಕೊಂಡೇ ವಾಪಸು ಹೋದಳು. ಪಶ್ಚಾತ್ತಾಪ ಪಡುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು, ಇಷ್ಟು ವರ್ಷ ಮಾಡಿದ್ದು ಅದೊಂದನ್ನೇ. ಅದರಿಂದ ಯಾರ ಬಾಯಾರಿಕೆಯೂ ತೀರಿರಲಿಲ್ಲ.

ಒಂದು ಬೆಳಿಗ್ಗೆ ಸೊಸೆ ಕಣ್ಣು ಮುಚ್ಚಿಕೊಂಡು, “ಅಮ್ಮ, ಬೆಳಕು ಚುಚ್ತಾ ಇದೆ. ತಲೆ ಸಿಡಿದು ಹೋಗೋ ಹಾಗಿದೆ,” ಎಂದಳು. ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದಳು: “ನಿದ್ದೆಗೆಟ್ಟಿದಾಳೆ ಅಷ್ಟೇ. ಒಂದು ಪಟ್ಟಿ ಬಟ್ಟೆ ಹರಿದು ತಾ, ತಲೆಗೆ ಬಿಗಿಯೋಣ.”

ಟೈಲರಮ್ಮ ಕತ್ತರಿ ಕೈಗೆತ್ತಿಕೊಂಡಳು. ಬಟ್ಟೆಗೆ ಹಾಕುವಷ್ಟರಲ್ಲಿ ಕೈ ನಿಂತಿತು. ಕತ್ತರಿ ಇಟ್ಟು ಮಗನನ್ನು ಕೂಗಿದಳು.

“ಗಾಡಿ ತಾ. ಆಸ್ಪತ್ರೆಗೆ ಹೋಗಬೇಕು. ಅದಕ್ಕೆ ಮೊದಲು ಇವಳು ನೀರು ಕುಡೀಬೇಕು.”

“ನಿನ್ನ ತಲೆ ನೆಟ್ಟಗಿದೆಯಾ?” ಅಂದಳು ಅಜ್ಜಿ. “ನಾನು ಎಂಟು ಹೆತ್ತವಳು. ಒಂದು ಬಾಣಂತನದಲ್ಲೂ ಲೋಟ ಎತ್ತಿದವಳಲ್ಲ. ಸತ್ತಿದೀನಾ?”

“ನೀವು ಸಾಯಲಿಲ್ಲ ಅತ್ತೆ. ನನ್ನ ಮಗಳು ಸತ್ತಳು.”

“ಅದು ಅವಳ ಆಯಸ್ಸು. ಡಾಕ್ಟ್ರೇ ಹೇಳಿದ್ರಲ್ಲ.”

“ಡಾಕ್ಟ್ರು ಹೇಳಲಿಲ್ಲ. ಹೇಳಿದ್ದು ನಾನು.”

ಟೈಲರಮ್ಮ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಬಕೆಟ್ಟಿನ ನೀರು, ಬೊಗಸೆ, ಹೊಡೆತ, ಡಾಕ್ಟರ ಪ್ರಶ್ನೆ, ತನ್ನ ಸುಳ್ಳು. ಯಾವುದನ್ನೂ ಮೃದು ಮಾಡಲಿಲ್ಲ.

“ಅಂದ್ರೆ ನಾನು ಕೊಂದೆ ಅಂತೀಯಾ?” ಅಜ್ಜಿ ಕೇಳಿದಳು.

“ನೀವು ಹೇಳಿದ್ರಿ. ಕೈ ಮೇಲೆ ಹೊಡೆದವಳು ನಾನು. ಆಮೇಲೆ ಮುಚ್ಚಿಟ್ಟವಳೂ ನಾನು. ಆವತ್ತು ನಿಜ ಹೇಳಿದ್ದಿದ್ರೆ ಇವತ್ತು ನೀವು ಹೂಜಿ ಮುಟ್ತಿರಲಿಲ್ಲ.”

ಸೊಸೆ ಯಾರ ಅಪ್ಪಣೆಗೂ ಕಾಯದೆ ಮಂಚದಿಂದ ಕೈ ಚಾಚಿದಳು. ಟೈಲರಮ್ಮ ಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದಳು, ಇನ್ನೊಂದು ಲೋಟ ಕೇಳಿದಳು.

ಆಸ್ಪತ್ರೆಯಲ್ಲಿ ಬೇರೆ ಡಾಕ್ಟರು, ವಯಸ್ಸಿನಲ್ಲಿ ಮಗಳಂಥವರು. ಕೇಳಿದ್ದು ಮಾತ್ರ ಅದೇ ಪ್ರಶ್ನೆ. ಟೈಲರಮ್ಮ, “ಇಲ್ಲ, ಕುಡಿಸ್ತಿರಲಿಲ್ಲ. ಮಗಳಿಗೂ ಕುಡಿಸಿರಲಿಲ್ಲ, ಅವಳು ಉಳೀಲಿಲ್ಲ,” ಎಂದಳು. ಡಾಕ್ಟರು ಒಂದು ಕ್ಷಣವೂ ತಡ ಮಾಡದೆ ತಲೆಯ ಸ್ಕ್ಯಾನಿಗೆ ಕಳಿಸಿದರು. ಹೆಪ್ಪು ಆಗಲೇ ಕಟ್ಟತೊಡಗಿತ್ತು, ಆದರೆ ಔಷಧಿಗೆ ಕರಗುವಷ್ಟಿತ್ತು. ಸೊಸೆ ಉಳಿದಳು.

ಉಳಿದಳೆಂದು ಮನೆಯಲ್ಲಿ ಎಲ್ಲವೂ ಸರಿಹೋಗಲಿಲ್ಲ. ಮಗ ಹೆಂಡತಿಯನ್ನು ಮನೆಗೆ ಕರೆತಂದ, ತಾಯಿಯೊಂದಿಗೆ ಮಾತು ಬಿಟ್ಟ. ಬಹಳ ದಿನದ ಮೇಲೆ ಒಂದೇ ಮಾತು ಕೇಳಿದ: “ಅಕ್ಕ ಕೈ ಒಡ್ಡಿದಾಗ ಹೊಡೆದೆಯಾ ಅಮ್ಮ?” ಅವಳು “ಹೌದಪ್ಪ” ಅಂದಳು. ಅವನು ಎದ್ದು ಹೋದ. ಅವಳು ಅವನನ್ನು ತಡೆಯಲಿಲ್ಲ, ಕ್ಷಮಿಸು ಎಂದು ಕಾಡಲೂ ಇಲ್ಲ. ಅಜ್ಜಿಯೋ ತಪ್ಪಾಯಿತೆಂದು ಬಾಯಿಬಿಡಲಿಲ್ಲ. ದೊಡ್ಡ ಕೋರ್ಟು ತೀರ್ಪನ್ನು ಬದಲಿಸಲಿಲ್ಲ, ಜಾರಿ ಮಾಡುವುದನ್ನು ಮಾತ್ರ ಬಿಟ್ಟಿತು. ಒಂದು ಸಂಜೆ ಗೋಡೆಗೆ ಮುಖ ಮಾಡಿ ಕೂತು, “ನನಗೂ ಬಾಯಾರ್ತಿತ್ತು,” ಎಂದಳಷ್ಟೇ.

ಟೈಲರಮ್ಮನ ಕಾಲು ಈಗಲೂ ಸುಮ್ಮನಿರುವುದಿಲ್ಲ. ಆದರೆ ಅವಳ ಬಾಯಿಯೂ ಸುಮ್ಮನಿರುವುದಿಲ್ಲ. ಬಸುರಿ ಹೆಂಗಸರು ಸಡಿಲ ಉಡುಪು ಹೊಲಿಸಲು ಬಂದರೆ, ಅಳತೆ ತೆಗೆಯುತ್ತಲೇ ಮಗಳ ಕಥೆ ಹೇಳುತ್ತಾಳೆ. ಹೇಳುವಾಗಲೆಲ್ಲ ಮಗಳು ಮತ್ತೊಮ್ಮೆ ಸಾಯುತ್ತಾಳೆ, ಆದರೂ ಹೇಳುತ್ತಾಳೆ. ಮೊನ್ನೆ ಒಬ್ಬಳು ತನ್ನ ತುಂಬು ಬಸುರಿ ಸೊಸೆಯನ್ನು ಕರೆತಂದಿದ್ದಳು. ಕಥೆ ಕೇಳಿ ಮೂಗು ಮುರಿದಳು.

“ಹೆತ್ತ ಮಗಳನ್ನ ಸಾಯಿಸಿದೆ ಅಂತ ಊರಿಗೆಲ್ಲ ಹೇಳ್ಕೊಂಡು ಕೂರ್ತೀರಲ್ಲ, ನಾಚಿಕೆ ಆಗಲ್ವಾ?”

“ಆಗುತ್ತೆ,” ಅಂದಳು ಟೈಲರಮ್ಮ. “ನಾಚಿಕೆ ಅಂತ ಬಾಯಿ ಮುಚ್ಕೊಂಡಿದ್ದೆ. ಇನ್ನೊಬ್ಬಳು ಹೋಗೋದರಲ್ಲಿದ್ದಳು.”

ಆ ಹೆಂಗಸು ಮುಖ ತಿರುಗಿಸಿದಳು. ಪಕ್ಕದಲ್ಲಿ ನಿಂತಿದ್ದ ಅವಳ ಸೊಸೆ ಮೆಲ್ಲಗೆ ಕೇಳಿದಳು:

“ಎಷ್ಟು ನೀರು ಕುಡೀಬೇಕಮ್ಮ?”

“ಬಾಯಾರಿದಷ್ಟೂ ಕುಡಿ ತಾಯಿ. ಕೊಡದೇ ಹೋದ್ರೆ ಎದ್ದು ಹೋಗಿ ತಗೊಂಡು ಕುಡಿ.”