ಮೂರು ಕುದುರೆಯ ನೋಟು

ನೋಟಿನ ಮೇಲೆ ಮೂರು ಕುದುರೆಗಳು ಓಡುತ್ತಿದ್ದವು. ಅಂದಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಸರಿಸುತ್ತ ಇಸವಿ ಹುಡುಕಿದ. ಬ್ಯಾಂಕಿನ ವಿದೇಶಿ ವಿನಿಮಯದ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಕೂತು ನಿವೃತ್ತನಾದವನಿಗೂ ಇಂಥ ನೋಟು ಹೊಸದು. ಹಿಂಬದಿಯ ಇಂಗ್ಲಿಷ್ ಓದಿ ಇರಾಕಿನ ಇಪ್ಪತ್ತೈದು ದಿನಾರ ಎಂದು ತಿಳಿದುಕೊಂಡ. ಮುಂಬದಿಯೆಲ್ಲ ಅರಬಿ.

"ಇಲ್ಲೈತಿ ನೋಡ್ರಿ," ಎಂದು ಎದುರಿಗೆ ಕೂತಿದ್ದ ಕಾಸಿಂಬಿ ಬೆರಳಿಟ್ಟಳು. ಕುರಾನ್ ಓದಲು ಕಲಿತಾಗ ಅವಳಿಗೆ ಅರಬಿ ಅಂಕಿಗಳೂ ಬಂದಿದ್ದವು. "ಹತ್ತೊಂಬತ್ನೂರಾ ಎಂಬತ್ತು."

ಟೀಪಾಯಿಯ ಮೇಲೆ ಅಂಥವು ನಲವತ್ತು ಇದ್ದವು. ಎಲ್ಲವೂ ನಾಲ್ಕು ಮಡಿಕೆಯವು. ಮಡಿಕೆಗಳ ಉದ್ದಕ್ಕೂ ಸೂಜಿಯ ತೂತುಗಳು.

ಅಂದಪ್ಪನ ಹೆಂಡತಿ ಸುನಂದಾ ಉಡುವ ಸೀರೆಗಳನ್ನು ನೇಯುವವಳು ಇಳಕಲ್ಲಿನ ನರ್ಗೀಸ, ಕಾಸಿಂಬಿಯ ಮಗಳು. ಆ ಪರಿಚಯದ ಮೇಲೆ ಕಾಸಿಂಬಿ ಬೆಳಗಿನ ಬಸ್ಸು ಹಿಡಿದು ಬಾಗಲಕೋಟೆಗೆ ಬಂದು, ವಿದ್ಯಾಗಿರಿಯ ಈ ಮನೆ ಹುಡುಕಿದ್ದಳು. ನರ್ಗೀಸ ಹನ್ನೊಂದು ವರ್ಷದಿಂದ ಕೂತ ಮಗ್ಗವನ್ನು ಅದರ ಮಾಲೀಕ ಮಾರಲು ತೆಗೆದಿದ್ದ. ಶುಕ್ರವಾರದೊಳಗೆ ನಲವತ್ತು ಸಾವಿರ ಕೊಟ್ಟರೆ ಮಗ್ಗ ಅವಳದು. ಇಲ್ಲವಾದರೆ ಕೊಳ್ಳಲು ಬೇರೆಯವರಿದ್ದಾರೆ. ಹಿಂದಿನ ದಿನ ಕಾಸಿಂಬಿಯ ಗಂಡ ಶಾಬುದ್ದೀನ ಮಲಗಿದ್ದಲ್ಲಿಂದಲೇ, ಕೌದಿ ಬಿಚ್ಚು ಎಂದಿದ್ದ.

ಶಾಬುದ್ದೀನ ಎಂಬತ್ತೊಂದರಿಂದ ಐದು ವರ್ಷ ಇರಾಕಿನ ಬಸ್ರಾದಲ್ಲಿ ಮನೆ ಕಟ್ಟುವ ಗೌಂಡಿ ಕೆಲಸ ಮಾಡಿದವನು. ಸಾವಿರ ದಿನಾರ ಉಳಿಸಿಕೊಂಡು ಬಂದಾಗ ನಾಲ್ವರು ಅಣ್ಣತಮ್ಮಂದಿರು ಒಂದೇ ಒಲೆಯ ಮೇಲಿದ್ದರು. ಮನೆ ಪಾಲಾಗಿ ಹಿಸ್ಸಾ ಆಗುವತನಕ ಒಬ್ಬನ ದುಡಿಮೆ ಎಲ್ಲರದೂ. ಕಂತ್ರಾಟದಾರ ಮೋಸ ಮಾಡಿದ, ಬರಿಗೈಲಿ ಬಂದೆ ಎಂದು ಅವನು ಅಣ್ಣಂದಿರಿಗೆ ಹೇಳಿದ. ಕಾಸಿಂಬಿ ಹಳೆ ಸೀರೆಯ ಪದರುಗಳ ನಡುವೆ ನೋಟುಗಳನ್ನಿಟ್ಟು ಕೌದಿ ಹೊಲಿದಳು. ಮನೆ ಹಿಸ್ಸಾ ಆದದ್ದು ತೊಂಬತ್ತಾರರಲ್ಲಿ. ಆಮೇಲೂ ಶಾಬುದ್ದೀನ, ಬೆಲೆ ಇನ್ನೂ ಏರುತ್ತದೆ ಎನ್ನುತ್ತಲೇ ಬಂದ.

ಅಂದಪ್ಪ ಮೊಬೈಲಿನಲ್ಲಿ ಎರಡು ಕಡೆ ಓದಿ, ಮೂರನೆಯ ಕಡೆ ತಾಳೆ ನೋಡಿ, ಕನ್ನಡಕ ತೆಗೆದ.

"ಅಕ್ಕಾರ, ಇವು ನಡಿಯೂದಿಲ್ಲ. ತೊಂಬತ್ಮೂರರ ಮೇ ತಿಂಗಳದಾಗ ಅಲ್ಲಿ ಸರ್ಕಾರ ಈ ನೋಟ್ ರದ್ದ ಮಾಡೇತಿ. ಬದಲಿ ಮಾಡಸ್ಕೊಳ್ಳಾಕ ಆರ ದಿನ ಕೊಟ್ಟಿದ್ರು. ಅದೂ ಆ ದೇಶದಾಗ ಇದ್ದವರಿಗಷ್ಟ."

ಡಾಲರಿನಲ್ಲಿ ಏನಾದರೂ ಬರುತ್ತದೆಯೇ ಎಂದು ಅವಳು ಕೇಳಿದಳು. ಏನೂ ಇಲ್ಲ ಎಂದ. ಹಳೆ ನೋಟು ಕೂಡಿಸುವ ಹವ್ಯಾಸದವರು ಮಡಿಕೆ ಬೀಳದವನ್ನು ಕೊಳ್ಳುತ್ತಾರೆ, ತೂತಾದವನ್ನು ಕೇಳುವವರಿಲ್ಲ ಎಂದೂ ಹೇಳಿದ. ಸುನಂದಾ ಚಹಾ ತಂದಿಟ್ಟಳು. ಕಾಸಿಂಬಿ ಅದನ್ನು ಮುಟ್ಟಲಿಲ್ಲ.

"ತೊಂಬತ್ತನೇ ಇಸವಿ ಜೂನ್ ತಿಂಗಳದಾಗ ಇವಕ್ಕ ಏನ್ ಬೆಲಿ ಇತ್ರಿ?"

ತಿಂಗಳು ಸಹಿತ ಕೇಳಿದ್ದು ಅಂದಪ್ಪನಿಗೆ ಹಿಡಿಸಿತು. ಹಾಳೆ ತೆಗೆದುಕೊಂಡು ಬರೆದ. ಒಂದು ದಿನಾರಕ್ಕೆ ಮೂರು ಡಾಲರು ಇಪ್ಪತ್ತು ಸೆಂಟು. ಸಾವಿರಕ್ಕೆ ಮೂರು ಸಾವಿರದ ಇನ್ನೂರು ಡಾಲರು. ಆಗ ಡಾಲರಿಗೆ ಸುಮಾರು ಹದಿನೇಳೂವರೆ ರೂಪಾಯಿ.

"ಐವತ್ತಾರು ಸಾವಿರ," ಎಂದ.

"ಮಿರಜ ದವಾಖಾನ್ಯಾಗ ಆಪರೇಶನ್ನಿಗೆ ಹದಿನೆಂಟ ಸಾವಿರ ಕೇಳಿದ್ರು," ಎಂದಳು ಕಾಸಿಂಬಿ. "ನಮ್ಮ ಮಗ ಜಹಾಂಗೀರಗ ಆವಾಗ ಮೂರು ವರ್ಷ. ಎದಿಯಾಗ ತೂತ ಇತ್ತು."

ಆ ದಿನ ಅವಳು ಕೌದಿ ಬಿಚ್ಚಲು ಕತ್ತರಿ ಕೈಗೆತ್ತಿಕೊಂಡಿದ್ದಳು. ಶಾಬುದ್ದೀನ ಅವಳ ಕೈ ಹಿಡಿದಿದ್ದ. "ಎಲ್ಲಿಂದ ಬಂತು ಅಂತ ಅಣ್ಣಗೋಳು ಕೇಳ್ತಾರ. ಹಿಸ್ಸಾ ಆಗ್ಲಿ, ತಡಿ." ಅವಳು ಕತ್ತರಿ ಕೆಳಗಿಟ್ಟಳು. ಹುಡುಗ ಆ ಸಲದ ಮೊಹರಂ ಕಾಣಲಿಲ್ಲ. ಕೊನೆಯ ದಿನಗಳಲ್ಲಿ ಚಳಿ ಎಂದಾಗಲೆಲ್ಲ ಅವನಿಗೆ ಹೊದಿಸಿದ್ದು ಅದೇ ಕೌದಿ.

ಅಂದಪ್ಪ ಪೆನ್ನು ಕೆಳಗಿಟ್ಟ. ಆಮೇಲೆ ಅವಸರದಲ್ಲಿ ಹೇಳಿದ, "ಅಕ್ಕಾರ, ಇದು ಸರ್ಕಾರದ ಕಾಗದದ ಮ್ಯಾಲಿನ ದರ. ಪ್ಯಾಟ್ಯಾಗ ಇದು ಸಿಗ್ತಿರಲಿಲ್ಲ. ಖರೆ ಹೇಳ್ತೇನಿ, ಆವಾಗ ಮುಂಬೈಗೆ ಒಯ್ದಿದ್ರೂ ಐದ ಸಾವಿರ ದಾಟ್ತಿರಲಿಲ್ಲ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಸಮಾಧಾನ ಮಾಡಾಕ ಹೇಳಬ್ಯಾಡ್ರಿ, ಸಾಹೇಬ್ರ," ಎಂದು ಅವಳು ನೋಟುಗಳನ್ನು ಕೂಡಿಸಿಕೊಂಡಳು. ಅವನು ಲೆಕ್ಕ ಬರೆದ ಹಾಳೆಯನ್ನೂ ಕೇಳಿ ಇಸಿದುಕೊಂಡಳು.

ಇಳಕಲ್ಲು ಮುಟ್ಟಿದಾಗ ಮೂರೂವರೆ. ಏಪ್ರಿಲ್ ಬಿಸಿಲಿಗೆ ಮನೆಯ ಗೋಡೆ ಕೈ ಸುಡುತ್ತಿತ್ತು. ಎರಡು ಮನೆ ಆಚೆಯಿಂದ ನರ್ಗೀಸಳ ಮಗ್ಗದ ಸದ್ದು ಕೇಳುತ್ತಿತ್ತು. ಶಾಬುದ್ದೀನ ಬರಿ ಬನಿಯನ್ನಿನಲ್ಲಿ ಹೊರಸಿನ ಮೇಲೆ ಕಾಯುತ್ತ ಕೂತಿದ್ದ.

"ಎಷ್ಟಂತ?"

ಕಾಸಿಂಬಿ ಸೂಜಿಗೆ ದಾರ ಪೋಣಿಸಿದಳು. ಬಿಚ್ಚಿಟ್ಟ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ನೋಟುಗಳನ್ನು ಒಂದೊಂದಾಗಿ ಮೊದಲಿನ ಜಾಗದಲ್ಲೇ ಇಟ್ಟಳು. ಹಾಳೆಯನ್ನೂ ನಾಲ್ಕು ಮಡಿಕೆ ಮಾಡಿ ಒಳಗೆ ಸೇರಿಸಿ ಹೊಲಿಯತೊಡಗಿದಳು.

"ಎಷ್ಟಂತ ಕೇಳಿದೆ."

"ಹಿಸ್ಸಾ ಆಗ್ಲಿ, ತಡೀರಿ."

ಅವನು ಹೊರಸಿನ ಮೇಲೆ ಮೆಲ್ಲಗೆ ಅಡ್ಡಾದ. ಕೊನೆಯ ಹೊಲಿಗೆಗೆ ಗಂಟು ಹಾಕಿ ಅವಳು ದಾರವನ್ನು ಹಲ್ಲಿನಿಂದ ಕಡಿದಳು. ಎದ್ದು ಬಂದು ಕೌದಿಯನ್ನು ಅವನ ಕಾಲಿನಿಂದ ಎದೆಯವರೆಗೆ ಹೊದಿಸಿ, ಎರಡೂ ಬದಿಯ ಅಂಚನ್ನು ಮೈಯ ಕೆಳಗೆ ಒತ್ತಿ ಸಿಗಿಸಿದಳು. ಅವನ ಹಣೆಯ ಮೇಲೆ ಬೆವರು ಮೂಡಿತು. ಅವನು ಕೈ ಹೊರಗೆ ತೆಗೆಯಲಿಲ್ಲ.