ಹುಲ್ಲು ಮೇಷ್ಟ್ರು ಕುಡಿದ ಎಳನೀರು

ಶಿವಪಾದಂ ಮೇಷ್ಟ್ರು ತಿಪಟೂರಿಗೆ ಬಂದಾಗ ಅವರ ಹತ್ತಿರ ಇದ್ದದ್ದು ಒಂದು ಭೂತಗನ್ನಡಿ ಮತ್ತು ಪುಸ್ತಕ ಓದಿ ಕಲಿತ ಒಂದಿಷ್ಟು ಕನ್ನಡ. ಸಿಲೋನಿನ ಜಾಫ್ನಾದಲ್ಲಿ ಗಲಾಟೆಯಾಗಿ ಅವರ ಮನೆ ಸುಟ್ಟುಹೋಗಿತ್ತು. ಅಲೆದಲೆದು ಕಿತ್ತು ತಂದು, ಒಣಗಿಸಿ, ಹಾಳೆಗೆ ಅಂಟಿಸಿಟ್ಟಿದ್ದ ನೂರಾರು ಜಾತಿಯ ಹುಲ್ಲೂ ಮನೆಯ ಜೊತೆಗೇ ಹೋಯಿತು. "ಒಣಗಿದ ಹುಲ್ಲು ತಾನೆ, ಚೆನ್ನಾಗಿ ಉರಿಯಿತು" ಎಂದು ಅವರೇ ನಗಾಡುತ್ತಿದ್ದರು. ನಕ್ಕಾದ ಮೇಲೆ ಭೂತಗನ್ನಡಿ ತೆಗೆದು ಒರೆಸುತ್ತಾ ಕೂರುತ್ತಿದ್ದರು.

ಇಲ್ಲಿ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ಕೆಲಸ ಸಿಕ್ಕಿತು. ಭಾನುವಾರ ಬಂತೆಂದರೆ ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿ ಗುಡ್ಡ ಸೇರುತ್ತಿದ್ದರು. ಮತ್ತೆ ಮೊದಲಿಂದ ಹುಲ್ಲು ಕಿತ್ತು, ಹಳೇ ಪೇಪರಿನ ನಡುವೆ ಇಟ್ಟು ಕಟ್ಟುತ್ತಿದ್ದರು. ಅಲ್ಲಿ ಕುರಿ ಮೇಯಿಸುತ್ತಿದ್ದ ಕ್ಯಾತಣ್ಣ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ: "ಅಲ್ಲ ಸ್ವಾಮಿ, ಇರಾದ್ನೆಲ್ಲ ನೀವೇ ಕಟ್ಕೊಂಡ್ ಹೋದ್ರೆ ನಮ್ ಕುರಿ ಏನ್ ತಿನ್ಬೇಕು?" ಆ ಮಾತು ಗುಡ್ಡ ಇಳಿದು ಪೇಟೆಗೆ ಬಂತು. ಅಂದಿನಿಂದ ಅವರು ಹುಲ್ಲು ಮೇಷ್ಟ್ರು. ತೆಂಗಿನ ಸೀಮೆಗೆ ಬಂದು ತಲೆ ಬಗ್ಗಿಸಿಕೊಂಡು ಹುಲ್ಲು ಹುಡುಕುವವರನ್ನು ಇನ್ನೇನಂತ ಕರೆಯೋದು, ನೀವೇ ಹೇಳಿ.

ನಮ್ಮ ಜನ ಕೆಟ್ಟವರಲ್ಲ. ಮದುವೆಗೆ ಕರೆಯುತ್ತಿದ್ದರು, ಮುಂದಿನ ಪಂಕ್ತಿಯಲ್ಲೇ ಕೂರಿಸುತ್ತಿದ್ದರು, ತಾಂಬೂಲ ಕೊಟ್ಟು ಕಳಿಸುತ್ತಿದ್ದರು. ಆದರೆ ನಮ್ಮ ಕಡೆ ಒಬ್ಬ ಮನುಷ್ಯ ನಮ್ಮವನಾದ ಎನ್ನುವುದಕ್ಕೆ ಗುರುತೇ ಬೇರೆ. ಅವನನ್ನು ಏನಾದರೂ ಕೇಳುತ್ತೇವೆ. ಈ ಸಂಬಂಧ ಆಗಬಹುದಾ, ಈ ಹಸು ಕೊಳ್ಳಬಹುದಾ, ಬೋರು ಎಲ್ಲಿ ಹಾಕಿಸೋಣ ಅಂತ. ಮೇಷ್ಟ್ರನ್ನು ಹದಿನೈದು ವರ್ಷದಲ್ಲಿ ಯಾರೂ ಏನೂ ಕೇಳಿರಲಿಲ್ಲ. ಅದು ಅವರಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಆಮೇಲೆ ತೆಂಗಿಗೆ ನುಸಿ ರೋಗ ಬಂತು. ತೊಂಬತ್ತೊಂಬತ್ತರಲ್ಲಿ ಯಾವ ತೋಟಕ್ಕೆ ಹೋದರೂ ಕಾಯಿಯ ಮೇಲೆ ಕಜ್ಜಿಯ ಹಾಗೆ ಕಂದು ಕಲೆ, ಕಾಯಿ ಮುಷ್ಟಿಗಾತ್ರಕ್ಕೇ ನಿಂತುಬಿಡುವುದು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರಲ್ಲ, ನಮಗೆ ಹುಲ್ಲು ಮೇಷ್ಟ್ರು ನೆನಪಾದರು. ದಂಡಿನಶಿವರದ ಹತ್ತಿರದ ತೋಂಟದಾರ್ಯ, ತೋಟವೂ ಕೊಬ್ಬರಿ ವ್ಯಾಪಾರವೂ ಇದ್ದ ಗಟ್ಟಿ ಆಸಾಮಿ, ಹೋಟೆಲಿನಲ್ಲಿ ಅವರೆದುರಿಗೇ ಬಂದು ಕೂತರು.

"ಸಾರ್, ನಿಮ್ ಸಿಲೋನ್‌ನಾಗೂ ತೆಂಗೈತಂತೆ. ಗಿಡದ ವಿದ್ಯೆ ಬೇರೆ ಓದೀರಿ. ಇದಕ್ಕೇನ್ ಮಾಡದು ಹೇಳ್ರೀ."

'ನಾನು ಹುಲ್ಲಿನವನು, ತೆಂಗಿನ ರೋಗ ನನಗೆ ತಿಳಿಯದು' ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಕ್ಕಪಕ್ಕದ ಮೇಜಿನವರೆಲ್ಲ ತಿಂಡಿ ಬಿಟ್ಟು ಅವರ ಬಾಯನ್ನೇ ನೋಡುತ್ತಿದ್ದರು. ಮೇಷ್ಟ್ರ ಎದೆ ಉಬ್ಬಿತು. ಎಲ್ಲೋ ಓದಿದ್ದು ನೆನಪಿತ್ತು. "ಬೇರಿನ ಮೂಲಕ ಔಷಧಿ ಕೊಡಬೇಕು" ಎಂದುಬಿಟ್ಟರು.

ಮುಂದಿನ ಭಾನುವಾರ ಗುಡ್ಡಕ್ಕೆ ಹೋಗಲಿಲ್ಲ, ತೋಂಟದಾರ್ಯರ ಹಿತ್ತಲ ತೋಟಕ್ಕೆ ಹೋದರು. ಬುಡ ಅಗೆಸಿ, ಎಳೆಬೇರು ಹುಡುಕಿ, ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಕವರಿನಲ್ಲಿ ಅದನ್ನು ಅದ್ದಿ ಕಟ್ಟಿಸಿದರು. ಒಂದು ಮರವನ್ನೂ ಬಿಡಲಿಲ್ಲ. ಊರವರು ಬೇಲಿಯಾಚೆ ನಿಂತು, ಇವರದು ಏನಾಗುತ್ತೋ ನೋಡಿಕೊಂಡು ನಾವೂ ಮಾಡೋಣ ಅಂತ ಕಾಯುತ್ತಿದ್ದರು. ಕೀಟನಾಶಕದ ಬಾಟಲಿಯ ವಾಸನೆಗೆ ಮೂಗು ಮುಚ್ಚಿಕೊಂಡಿದ್ದ ತೋಂಟದಾರ್ಯರ ಹೆಂಡತಿ ಗಿರಿಜಾಂಬಿಕಾ ಕೇಳಿದರು:

"ಸಾರ್, ಬೇರಿಗ್ ಕಟ್ಟಿದ್ದು ಕಾಯಿಗ್ ಇಳಿಯಕಿಲ್ವಾ?"

"ಇಲ್ಲಮ್ಮ. ಇಳಿಯುವುದಿಲ್ಲ."

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಒಂದು ಹುಲ್ಲಿನ ಹೆಸರು ಹೇಳಬೇಕಾದರೂ ಭೂತಗನ್ನಡಿ ಹಿಡಿದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ಮನುಷ್ಯ, ಆ ಮಾತನ್ನು ಒಂದೇ ಉಸಿರಿಗೆ ಹೇಳಿದರು.

ಎರಡು ವಾರ ಅವರು ನೆಲದ ಮೇಲೆ ನಡೆಯಲಿಲ್ಲ. ಕೊಬ್ಬರಿ ಅಂಗಡಿಗಳಲ್ಲಿ ಕುರ್ಚಿ, ಹೋಟೆಲಿನಲ್ಲಿ ಕೇಳದೆ ಕಾಫಿ. ಆಮೇಲೊಂದು ಬೆಳಗ್ಗೆ ರೇಡಿಯೋದ ರೈತರ ಕಾರ್ಯಕ್ರಮದಲ್ಲಿ ಯಾರೋ ಅದೇ ಔಷಧಿಯ ವಿಷಯ ಹೇಳುತ್ತಿದ್ದರು. ಬೇರಿಗೆ ಕೊಟ್ಟ ಮೇಲೆ ಒಂದೂವರೆ ತಿಂಗಳು ಆ ಮರದ ಕಾಯಿ ಕೀಳಬಾರದು, ಎಳನೀರಂತೂ ಬಾಯಿಗೆ ಹಾಕಲೇಬಾರದು, ವಿಷ ಇಳಿದಿರುತ್ತದೆ. ಮೇಷ್ಟ್ರು ಶರ್ಟಿನ ಗುಂಡಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ದಂಡಿನಶಿವರದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದರು: 'ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೇಳಿದೆ.'

ಬಾಗಿಲಿಗೆ ಬರುವಷ್ಟರಲ್ಲಿ ತೋಂಟದಾರ್ಯರು ಕೂಗಿದರು. "ಬಂದ್ರು ನೋಡೇ! ನಾನೇ ತಿಪಟೂರಿಗ್ ಬರನಾ ಅಂತಿದ್ದೆ. ಆಯಸ್ಸು ಗಟ್ಟಿ ಕಣ್ರೀ ನಿಮ್ದು."

ಹಜಾರದಲ್ಲಿ ಆ ಮರಗಳದೇ ಒಂದು ಗೊನೆ ಇಳಿಸಿಟ್ಟಿತ್ತು. ಗೋಡೆಗೊರಗಿ ಕೂತಿದ್ದ ಮಗಳು ಶಾಂತಕುಮಾರಿ, ತುಂಬುಗರ್ಭಿಣಿ, ಹೆರಿಗೆಗೆ ತವರಿಗೆ ಬಂದವಳು, ಎದ್ದು ನಿಲ್ಲಲು ಹೋದಳು. ಬೇಡಮ್ಮ ಬೇಡ ಎಂದರು ಮೇಷ್ಟ್ರು.

ಗಿರಿಜಾಂಬಿಕಾ ಎಳನೀರಿಗೆ ವಿಭೂತಿ ಹಚ್ಚಿದರು. "ಔಷ್ದಿ ಕೊಟ್ಟೋರು ಮೊದ್ಲು ಕುಡೀಬೇಕು, ಮನೇರು ಆಮೇಲೆ. ನಮ್ ಮನೆ ಪದ್ಧತಿ ಸಾರ್. ಗೊನೆ ಇಳ್ಸಿ ಎರಡ್ ದಿನ ಆಯ್ತು. ಬಸುರಿ ಹೆಣ್ಣು ಎಳನೀರು ಎಳನೀರು ಅಂತಾಳೆ. ಸಾರ್ ಬರೋಗಂಟ ಮುಟ್ಬ್ಯಾಡ ಅಂದಿವ್ನಿ."

ತೆಂಗಿನ ತೋಟದವರು ಎಳನೀರು ಕೊಂಡು ಕುಡಿದರೆ ಊರು ನಗುತ್ತದೆ. ಹಾಗಾಗಿ ಆ ಹುಡುಗಿ ಎರಡು ದಿನ ಕಾದಿದ್ದಳು.

ತೋಂಟದಾರ್ಯರು ಕೆತ್ತಿ ಕೈಗಿಟ್ಟರು. ಮೇಷ್ಟ್ರು ಬಾಯಿಪಾಠ ಮಾಡಿದ್ದ ಮಾತು ಹೇಳಲು ಹೋಗಿ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಆಗಲೇ ಊರ ನಾಲ್ಕು ಜನ ಸೇರಿದ್ದರು. ಅವರೆಲ್ಲರ ಮುಂದೆ ಹೇಗೆ ಹೇಳುವುದು? ಕುಡಿದುಬಿಟ್ಟರೆ ನನಗೆ ತಾನೆ ಆಗುವುದು, ಉಳಿದದ್ದನ್ನು ಆಮೇಲೆ ತೋಂಟದಾರ್ಯರೊಬ್ಬರನ್ನೇ ಪಕ್ಕಕ್ಕೆ ಕರೆದು ಹೇಳೋಣ ಎಂದುಕೊಂಡರು. ನಾಚಿಕೆಗೆ ಅಂಜಿದವನ ಲೆಕ್ಕಾಚಾರ ಹೀಗೇ ಇರುತ್ತದೆ. ಬುರುಡೆ ಎತ್ತಿ ಗಟಗಟ ಕುಡಿದರು. ಸಿಹಿಯಾಗಿತ್ತು.

"ಈಗ ಕುಡಿಯವ್ವ" ಎಂದು ಗಿರಿಜಾಂಬಿಕಾ ಆಗಲೇ ಇನ್ನೊಂದನ್ನು ಮಗಳ ಕೈಗೆ ಕೊಟ್ಟಿದ್ದರು. ಅವಳು ಅದನ್ನು ತುಟಿಗಿಟ್ಟಳು.

ಮೇಷ್ಟ್ರು ಹಾರಿ ಬಂದು ಅದಕ್ಕೆ ಕೈಯಿಂದ ಹೊಡೆದರು. ಬುರುಡೆ ಉರುಳಿತು, ನೀರು ಅವಳ ಸೀರೆಯ ಮೇಲೆಲ್ಲ ಚೆಲ್ಲಿತು. ಬಸುರಿ ಹೆಣ್ಣಿನ ಮೇಲೆ ಕೈ ಎತ್ತಿದ ಅಂತ ಬಾಗಿಲಲ್ಲಿದ್ದವರು ಒಳಗೆ ನುಗ್ಗಿದರು.

"ವಿಷ. ವಿಷ ಇಳಿದಿದೆ. ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಸುಳ್ಳು ಹೇಳಿದೆ."

ತೋಂಟದಾರ್ಯರು ಮಗಳ ಮುಖ ನೋಡಿದರು. "ನುಂಗುದ್ಯಾ?" ಅವಳು ಇಲ್ಲವೆಂದು ತಲೆಯಾಡಿಸಿದಳು. ಅವರು ಮೇಷ್ಟ್ರ ಕಡೆ ತಿರುಗಿದರು. "ಗೊತ್ತಿದ್ದೂ ನೀವ್ಯಾಕ್ ಕುಡುದ್ರಿ?"

ಬೈದಿದ್ದರೆ, ಕತ್ತು ಹಿಡಿದು ಆಚೆ ತಳ್ಳಿದ್ದರೆ ಎಷ್ಟೋ ವಾಸಿಯಿತ್ತು. ಗಿರಿಜಾಂಬಿಕಾ ಚೊಂಬಿನಲ್ಲಿ ಉಪ್ಪುನೀರು ತಂದು, ಮೇಷ್ಟ್ರನ್ನು ಬಚ್ಚಲಿಗೆ ಕರೆದೊಯ್ದು, ಮಗುವಿಗೆ ಹಿಡಿಯುವಂತೆ ಹಣೆ ಹಿಡಿದುಕೊಂಡು ವಾಂತಿ ಮಾಡಿಸಿದರು. ಜಾಫ್ನಾ ಬಿಟ್ಟ ಮೇಲೆ ಅವರ ಹಣೆಯನ್ನು ಇನ್ನೊಬ್ಬರು ಮುಟ್ಟಿರಲಿಲ್ಲ. ಇವರು ನನ್ನ ಮೇಲಿಟ್ಟ ಮರ್ಯಾದೆಯೇ ಈ ಹೆಣ್ಣನ್ನು ಎರಡು ದಿನ ಕಾಪಾಡಿತು, ನನ್ನ ವಿದ್ಯೆಯಲ್ಲ ಎಂದು ಹೊಳೆದಾಗ ಮೇಷ್ಟ್ರು ಬಚ್ಚಲ ಕಲ್ಲಿನ ಮೇಲೆ ಕುಸಿದು ಕೂತು ಅತ್ತರು.

ಗುಟ್ಟಾಗಿ ಹೇಳಬೇಕೆಂದಿದ್ದ ಮಾತು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ತುರುವೇಕೆರೆಯ ಡಾಕ್ಟರಿಗೆ ತೋರಿಸಿ, ತಿಪಟೂರಿನ ಬಸ್ಸಿಗೆ ಬಿಡಲು ತೋಂಟದಾರ್ಯರೇ ಜೊತೆಗೆ ಬಂದರು. ಬಸ್ಸಿಗೆ ಕಾಯುತ್ತಾ ಅವರು ಕೇಳಿದರು:

"ಗೊತ್ತಿಲ್ಲ ಅಂದಿದ್ರೆ ನಾವೇನ್ ನಿಮ್ಮುನ್ನ ಊರು ಬುಡುಸ್ತಿದ್ವಾ ಸಾರ್?"

ಮೇಷ್ಟ್ರು ನೆಲ ನೋಡುತ್ತಿದ್ದರು. ಕಾಲ ಬುಡದಲ್ಲಿ ಯಾವುದೋ ಹುಲ್ಲಿತ್ತು. ಅದರ ಹೆಸರೂ ಅವರಿಗೆ ಹೊಳೆಯಲಿಲ್ಲ.

ಬಸ್ಸಿನ ಹಾರನ್ನು ಕೇಳಿಸಿತು. ತೋಂಟದಾರ್ಯರು ಪಂಚೆ ಸರಿಮಾಡಿಕೊಳ್ಳುತ್ತಾ ಮತ್ತೆ ಕೇಳಿದರು: "ಸಾರ್, ಈ ಮರ ಉಳೀತಾವಾ?"

ಇಷ್ಟಾದ ಮೇಲೂ ತಮ್ಮನ್ನೇ ಕೇಳುತ್ತಿದ್ದಾರೆ. ಮೇಷ್ಟ್ರಿಗೆ ತಲೆ ಎತ್ತಲಾಗಲಿಲ್ಲ.

"ಗೊತ್ತಿಲ್ಲ."

"ಸರಿ ಬುಡಿ. ನಂಗೂ ಗೊತ್ತಿಲ್ಲ. ಬರೋ ಭಾನುವಾರ ಬನ್ನಿ, ಇಬ್ರೂ ನೋಡನ."