ಅಪ್ಪ ಹಾಸಿದ ನೆಲ

ಮನೆಗೆ ಬೆಲೆ ಕಟ್ಟಲು ಬ್ಯಾಂಕು ಕಳಿಸಿದ ಮೊದಲನೆಯವನಿಗಾಗಿ ನನ್ನಮ್ಮ ಒಡೆಸ್ಸಾ ಸಿಹಿಗೆಣಸಿನ ಪೈ ಮಾಡಿಟ್ಟಿದ್ದಳು. ಭಾನುವಾರ ಚರ್ಚಿಗೆ ಹಾಕುವ ಟೊಪ್ಪಿಯನ್ನೂ ಹಾಕಿಕೊಂಡಿದ್ದಳು. ಆ ಮಹಾರಾಯ ಪೈ ಮುಟ್ಟಲಿಲ್ಲ. ಗೋಡೆಯ ಮೇಲಿದ್ದ ನಮ್ಮ ಕಪ್ಪು ಮುಖಗಳ ಫೋಟೋಗಳನ್ನು ನೋಡಿದ, ಅಮ್ಮನನ್ನು ನೋಡಿದ, ಹೊರಟುಹೋದ. ಹಿಂದಿನ ಬೀದಿಯಲ್ಲಿ ಇದೇ ಅಳತೆಯ ಬಿಳಿಯರ ಮನೆ ಎಷ್ಟಕ್ಕೆ ಮಾರಾಟವಾಗಿತ್ತೋ ಅದರ ಅರ್ಧ ಬೆಲೆ ಬರೆದಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಕ್ಯಾನ್ಸರ್ ಅಪ್ಪನನ್ನು ಕರೆದುಕೊಂಡು ಹೋಗಿ ಆಸ್ಪತ್ರೆಯ ಸಾಲವನ್ನು ನಮಗೆ ಬಿಟ್ಟಿತ್ತು. ಮನೆಯ ಮೇಲೆ ಹೊಸ ಸಾಲ ಸಿಕ್ಕಿದರೆ ಹಳೆಯದನ್ನೆಲ್ಲ ತೀರಿಸಿ ಉಸಿರಾಡಬಹುದಿತ್ತು. ಸಿಗದಿದ್ದರೆ ಮನೆ ಹರಾಜು. ಅರ್ಧ ಬೆಲೆಯ ಮನೆಗೆ ಅಷ್ಟು ಸಾಲ ಯಾರೂ ಕೊಡುವುದಿಲ್ಲ.

"ಬೇರೆ ಬ್ಯಾಂಕಿಗೆ ಹೋಗೋಣ. ಆದ್ರೆ ಈ ಸಲ ನಾವು ಮನೇಲಿರೋದು ಬೇಡಮ್ಮ. ಕ್ಯಾರಲ್ ಇರ್ತಾಳೆ," ಅಂದೆ. ಕ್ಯಾರಲ್ ಶಾಲೆಯ ಅಡುಗೆಮನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಬಿಳಿ ಹೆಂಗಸು.

"ನನ್ನ ಮನೇಲಿ ಅವಳಿಗೇನೇ ಕೆಲಸ?"

"ಒಂದು ಗಂಟೆ ಮನೆಯೊಡತಿ ಥರ ಕೂತಿರ್ತಾಳೆ."

ಅಮ್ಮ ನಕ್ಕಳು. "ಜೀವಮಾನ ಪೂರ್ತಿ ಬಿಳಿಯರ ಮನೆ ಒರೆಸಿದ್ದಾಯ್ತು. ಈಗ ನನ್ನ ಮನೇನೂ ಅವರಿಗೇ ಒರೆಸಿಕೊಡ್ಲಾ?"

ಆದರೂ ಒರೆಸಿದಳು. ಇದು ಬಾಲ್ಟಿಮೋರಿನ ನಮ್ಮವರು ಚರ್ಚಿನ ಮೆಟ್ಟಿಲ ಮೇಲೆ ಪಿಸುಮಾತಿನಲ್ಲಿ ಒಬ್ಬರಿಗೊಬ್ಬರು ಕಲಿಸಿಕೊಟ್ಟ ವಿದ್ಯೆ. ಕೂದಲಿಗೆ ಹಚ್ಚುವ ಎಣ್ಣೆಯ ಡಬ್ಬಿ, ಚರ್ಚಿನ ಬೀಸಣಿಗೆ, ಅಜ್ಜಿಯಿಂದ ಮೊಮ್ಮಕ್ಕಳವರೆಗಿನ ಫೋಟೋಗಳು ಎಲ್ಲ ಪೆಟ್ಟಿಗೆ ಸೇರಿದವು. ಅದೇ ಮೊಳೆಗಳಿಗೆ ಕ್ಯಾರಲ್ ತನ್ನ ಮಕ್ಕಳ ಫೋಟೋ ತೂಗುಹಾಕಿದಳು. ಅಪ್ಪನ ಫೋಟೋವನ್ನು ಮಾತ್ರ ಅಮ್ಮ ಪೆಟ್ಟಿಗೆಗೆ ಹಾಕಲು ಬಿಡಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬೀದಿಯ ತಿರುವಿನಲ್ಲಿ ನನ್ನ ಕಾರಿನೊಳಗೆ ಕೂತಳು.

ಎರಡನೆಯ ಬ್ಯಾಂಕಿನವನು ಬಂದು ಮನೆ ನೋಡಿ ಹೋದ ಮೇಲೆ ಕ್ಯಾರಲ್ ಕಾರಿನ ಹತ್ತಿರ ಬಂದಳು. ಅಮ್ಮ ಬೆಲೆಯ ಮಾತೇ ಎತ್ತಲಿಲ್ಲ.

"ನೆಲ ನೋಡಿದ್ನಾ?"

ನಡುಮನೆಯ ಮರದ ನೆಲ ಅಪ್ಪ ಹಾಸಿದ್ದು. ಕೆಡವುತ್ತಿದ್ದ ಹಳೆಯ ಶಾಲೆಯಿಂದ ಓಕ್ ಪಟ್ಟಿಗಳನ್ನು ಹೊತ್ತು ತಂದು, ಕಾರ್ಖಾನೆಯ ದುಡಿಮೆ ಮುಗಿಸಿ ಬಂದು, ಒಂದು ಚಳಿಗಾಲ ಪೂರ್ತಿ ಕೂಡಿಸಿದ್ದ.

"ಮಂಡಿಯೂರಿ ಕೂತು ಕೈಯಾಡಿಸಿದ. ಇಂಥ ಕೆಲಸ ಈಗ ಯಾರು ಮಾಡ್ತಾರೆ ಅಂದ," ಅಂದಳು ಕ್ಯಾರಲ್.

ಅಮ್ಮನ ಮುಖ ಅರಳಿತು. "ಯಾರು ಮಾಡಿದ್ದು ಅಂತ ಕೇಳ್ಲಿಲ್ವಾ?"

"ಕೇಳಿದ." ಕ್ಯಾರಲ್ ಅಳತೊಡಗಿದಳು. "ನಮ್ಮಪ್ಪ ಅಂದುಬಿಟ್ಟೆ. ಇನ್ನೇನು ಹೇಳ್ಲಿ ಒಡೆಸ್ಸಾ ಅಮ್ಮ?"

ಫೋಟೋದಲ್ಲಿದ್ದ ಅಪ್ಪನ ಕಿವಿಯ ಮೇಲೆ ಅಮ್ಮ ಅಂಗೈ ಇಟ್ಟಳು. "ಅಳಬೇಡ ಮಗಳೇ. ಹೇಳಬೇಕಾದ್ದನ್ನೇ ಹೇಳಿದ್ದೀಯ," ಅಂದಳು.

ಮೊದಲಿನ ಎರಡರಷ್ಟು ಬೆಲೆ ಬಂತು. ಹೊಸ ಸಾಲ ಸಿಕ್ಕಿ ಹಳೆಯದು ತೀರಿತು, ಮನೆ ಉಳಿಯಿತು. ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊದಲನೆಯವನ ಮೇಲೆ ನಾನು ದೂರು ಕೊಟ್ಟಿದ್ದೇನೆ. ಪರಿಶೀಲಿಸುತ್ತಿದ್ದಾರಂತೆ, ಪರಿಶೀಲಿಸಲಿ.

ಫೋಟೋಗಳೆಲ್ಲ ಗೋಡೆಗೆ ಮರಳಿದವು. ನಡುವಿನ ಮೊಳೆಯೊಂದು ಖಾಲಿ ಉಳಿಯಿತು. ಅಪ್ಪ ಇನ್ನೂ ಕಾರಿನ ಹಿಂದಿನ ಸೀಟಿನಲ್ಲೇ ಇದ್ದ. ತಿಂಗಳು ಕಳೆದರೂ ಅಮ್ಮ ಆ ಸುದ್ದಿ ಎತ್ತದಿದ್ದಾಗ ನಾನೇ ಕೇಳಿದೆ, "ಅಪ್ಪನ್ನ ತಂದು ಹಾಕ್ಲೇನಮ್ಮ?"

ಅಮ್ಮ ಆ ನೆಲವನ್ನು ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅವರನ್ನ ಹೊರಗೆ ಹಾಕಿ ಮನೆ ಉಳಿಸಿಕೊಂಡೆ ಕಣೇ. ಈಗ ಯಾವ ಮುಖ ಇಟ್ಕೊಂಡು ಒಳಗೆ ಬನ್ನಿ ಅನ್ಲಿ?"